ಮೂರು ಬೀಗ, ಹತ್ತಾರು ಅಂಗಡಿ: ನನ್ನ ಪಾಠಗಳಿಗೆ ಡಿಆರ್‌ಎಂ ಹುಡುಕಿದ ಕಥೆ

ಆ ಪೆನ್‌ಡ್ರೈವ್ ಕೆಂಪು ಬಣ್ಣದ್ದು. ಮೇಲೆ ಬಿಳಿ ಸ್ಟಿಕ್ಕರ್ ಅಂಟಿಸಿ, ಬಾಲ್‌ಪೆನ್ನಿನಲ್ಲಿ 'ಮೆಂಟಲ್ ಎಬಿಲಿಟಿ ಫುಲ್' ಎಂದು ಬರೆದಿದ್ದರು. ತುಮಕೂರಿನ ಒಂದು ಜೆರಾಕ್ಸ್ ಅಂಗಡಿಯಲ್ಲಿ 300 ರೂಪಾಯಿಗೆ ಕೊಟ್ಟರಂತೆ. ತಂದವನು ಪಾವಗಡ ಕಡೆಯ ಹುಡುಗ. "ಮೇಡಂ, ಇದರಲ್ಲಿ 31ನೇ ಪಾಠ ಓಪನ್ ಆಗ್ತಿಲ್ಲ. ನಿಮ್ಮ ಹತ್ರ ಇನ್ನೊಂದು ಕಾಪಿ ಇದೆಯಾ?" ಎಂದು ಕೇಳಿದ. ಅದು ಕದ್ದ ಮಾಲು ಎಂದು ಅವನಿಗೆ ಗೊತ್ತೇ ಇರಲಿಲ್ಲ.

ಲ್ಯಾಪ್‌ಟಾಪಿಗೆ ಹಾಕಿ ನೋಡಿದೆ. 86 ಪಾಠ. ಎಲ್ಲವೂ ನನ್ನವೇ. ಎಸ್.ಎಸ್.ಪುರಂ ಮನೆಯ ಹಿಂದಿನ ರೂಮಿನಲ್ಲಿ, ಸದ್ದು ಬರದಂತೆ ಕಿಟಕಿಗೆ ಕಂಬಳಿ ಕಟ್ಟಿ, ಎರಡು ವರ್ಷ ಕೂತು ಮಾಡಿದ ಪಾಠಗಳು. 9ನೇ ಪಾಠದಲ್ಲಿ ನಮ್ಮ ಅಡುಗೆಮನೆಯ ಕುಕ್ಕರ್ ಕೂಗುವುದೂ ಕೇಳಿಸಿತು. ಎಫ್‌ಡಿಎ, ಎಸ್‌ಡಿಎ, ಪಿಡಿಒ ಪರೀಕ್ಷೆ ಬರೆಯುವವರಿಗೆ ಕನ್ನಡದಲ್ಲಿ ಮಾನಸಿಕ ಸಾಮರ್ಥ್ಯ ಹೇಳಿಕೊಡುವುದು ನನ್ನ ಕೆಲಸ. ಕೋರ್ಸಿಗೆ 1,500 ರೂಪಾಯಿ. ಆಗ 412 ಜನ ಸೇರಿದ್ದರು. ನಮ್ಮ ಮನೆ ನಡೆಯುವುದು ಆ ದುಡ್ಡಿನಲ್ಲಿ.

ಹುಡುಗನನ್ನು ಬೈಯಲು ಮನಸ್ಸು ಬರಲಿಲ್ಲ. "ಕೋರ್ಸಿಗೇ ಯಾಕೆ ಸೇರಲಿಲ್ಲಪ್ಪ? ದುಡ್ಡಿನ ತೊಂದರೆನಾ?" ಎಂದು ಕೇಳಿದೆ. ಅವನು ಕೊಟ್ಟ ಉತ್ತರ ಮುಂದಿನ ಐದು ತಿಂಗಳು ನನ್ನ ತಲೆಯಲ್ಲೇ ಕೂತಿತ್ತು. "ದುಡ್ಡು ಹೇಗೋ ಹೊಂದಿಸ್ತಿದ್ದೆ ಮೇಡಂ. ನಮ್ಮೂರಲ್ಲಿ ನೆಟ್ ನಿಲ್ಲಲ್ಲ. ಪೆನ್‌ಡ್ರೈವ್ ಆದ್ರೆ ಫೋನಿಗೆ ಚುಚ್ಚಿ ನೋಡ್ಬಹುದು." ಅಂದರೆ, ಕಳ್ಳ ಮಾರುತ್ತಿದ್ದ ಸರಕು ನಾನು ಮಾರುತ್ತಿದ್ದ ಸರಕಿಗಿಂತ ಅವನಿಗೆ ಹೆಚ್ಚು ಉಪಯೋಗಕ್ಕೆ ಬರುತ್ತಿತ್ತು.

ಆಗ ನಾನು ವಿಡಿಯೊ ಇಟ್ಟಿದ್ದ ಕಂಪನಿಯವರು 'ಮಿಲಿಟರಿ ದರ್ಜೆಯ ಎಇಎಸ್-128 ಭದ್ರತೆ' ಎಂದು ಹೇಳಿ ಕೋರ್ಸ್ ಹಾಕಿಸಿಕೊಂಡಿದ್ದರು. ಹಾಗಾದರೆ ಪಾಠಗಳು ಹೊರಗೆ ಹೋಗಿದ್ದು ಹೇಗೆ? ಇಂಜಿನಿಯರಿಂಗ್ ಓದುತ್ತಿರುವ ನನ್ನ ತಂಗಿಯ ಮಗನನ್ನು ಭಾನುವಾರ ಮನೆಗೆ ಕರೆದೆ. ಅವನು ಕ್ಯಾತ್ಸಂದ್ರದಿಂದ ತಟ್ಟೆ ಇಡ್ಲಿ ಕಟ್ಟಿಸಿಕೊಂಡು ಬಂದ. ಇಡ್ಲಿ ಆರುವ ಮೊದಲೇ ಉತ್ತರ ಸಿಕ್ಕಿತು.

ಅವನು ತೋರಿಸಿದ್ದು ಇಷ್ಟು. ವಿಡಿಯೊ ಒಂದೇ ಫೈಲಾಗಿ ಬರುವುದಿಲ್ಲ. ಕೆಲವು ಸೆಕೆಂಡುಗಳ ಸಣ್ಣ ತುಂಡುಗಳಾಗಿ ಬರುತ್ತದೆ. ಆ ತುಂಡುಗಳಿಗೆಲ್ಲ ಒಂದು ಪಟ್ಟಿ ಇರುತ್ತದೆ. ತುಂಡುಗಳಿಗೆ ಬೀಗ ಹಾಕಿದ್ದು, ಅಂದರೆ ಬೀಗದ ಕೈ ಇಲ್ಲದೆ ನೋಡಲಾಗದ ಗುಪ್ತ ರೂಪಕ್ಕೆ ತಿರುಗಿಸಿದ್ದು (ಇದೇ ಎನ್‌ಕ್ರಿಪ್ಷನ್) ನಿಜ. ಎಇಎಸ್-128 ಗಟ್ಟಿ ಬೀಗ ಎನ್ನುವುದೂ ನಿಜ. ಆದರೆ ಬೀಗದ ಕೈ ಎಲ್ಲಿದೆ ಎಂಬ ವಿಳಾಸವನ್ನು ಅದೇ ಪಟ್ಟಿಯಲ್ಲಿ ಬರೆದಿದ್ದರು. ಲಾಗಿನ್ ಇದ್ದ ಯಾರೇ ಆ ವಿಳಾಸಕ್ಕೆ ಹೋದರೂ ಬೀಗದ ಕೈ ಬರಿ ಕೈಗೆ ಸಿಗುತ್ತಿತ್ತು. ಒಬ್ಬ ವಿದ್ಯಾರ್ಥಿ ದುಡ್ಡು ಕೊಟ್ಟು ಸೇರಿದರೆ ಸಾಕು, 86 ಪಾಠವನ್ನೂ ತೆಗೆದು ಜೋಡಿಸಿಕೊಳ್ಳಬಹುದು. "ದೊಡ್ಡಮ್ಮ, ಇದು ಎನ್‌ಕ್ರಿಪ್ಷನ್ ಹೌದು. ಆದ್ರೆ ಡಿಆರ್‌ಎಂ ಅಲ್ಲ" ಎಂದ ಅವನು. ಬಾಗಿಲಿಗೆ ಬೀಗ ಹಾಕಿ, ಬೀಗದ ಕೈಯನ್ನು ಮೊಳೆಗೆ ನೇತುಹಾಕಿದ ಹಾಗೆ ಅಲ್ವಾ ಅದು?

ಡಿಆರ್‌ಎಂ (ಡಿಜಿಟಲ್ ರೈಟ್ಸ್ ಮ್ಯಾನೇಜ್‌ಮೆಂಟ್) ಎಂದರೇನು ಎಂದು ಅವತ್ತು ಅರ್ಥವಾಯಿತು. ಅದರಲ್ಲೂ ವಿಡಿಯೊಗೆ ಹಾಕುವುದು ಅದೇ ಬೀಗ. ವ್ಯತ್ಯಾಸ ಇರುವುದು ಬೀಗದ ಕೈಯನ್ನು ಯಾರ ಕೈಗೆ ಕೊಡುತ್ತಾರೆ ಎನ್ನುವುದರಲ್ಲಿ. ಫೋನಿನ ಅಥವಾ ಬ್ರೌಸರಿನ ಒಳಗೆ ಒಂದು ಮುಚ್ಚಿದ ಭಾಗ ಇರುತ್ತದೆ. ಅದು ಲೈಸೆನ್ಸ್ ಸರ್ವರಿಗೆ ಬೇಡಿಕೆ ಕಳಿಸುತ್ತದೆ. ಸರ್ವರ್ 'ಇವರು ದುಡ್ಡು ಕೊಟ್ಟಿದ್ದಾರೆ, 30 ದಿನ ನೋಡಬಹುದು' ಎಂಬಂಥ ಷರತ್ತುಗಳ ಜೊತೆ ಬೀಗದ ಕೈಯನ್ನು ಮುಚ್ಚಿದ ಲಕೋಟೆಯಲ್ಲಿ ಕಳಿಸುತ್ತದೆ. ಲಕೋಟೆ ಬಿಚ್ಚುವುದು ಆ ಮುಚ್ಚಿದ ಭಾಗ ಮಾತ್ರ. ನೋಡುವವರಿಗೂ ಸಿಗುವುದಿಲ್ಲ, ಆಪ್‌ಗೂ ಸಿಗುವುದಿಲ್ಲ.

ಸರಿ, ಒಳ್ಳೆಯ ಡಿಆರ್‌ಎಂ ಕಂಪನಿ ಯಾವುದು? ಅದನ್ನು ಹುಡುಕಲು ಕೂತೆ. ಒಂದು ವಾರ ದಾರಿ ತಪ್ಪಿದ್ದು ಇಲ್ಲೇ. ನೋಟ್‌ಬುಕ್ಕಿನಲ್ಲಿ 17 ಕಂಪನಿಗಳ ಹೆಸರು ಬರೆದು, ಯಾರ ಬೀಗ ಗಟ್ಟಿ ಎಂದು ಹೋಲಿಸುತ್ತಾ ಕೂತಿದ್ದೆ. ಎಲ್ಲರೂ ಅದೇ ಮೂರು ಹೆಸರು ಹೇಳುತ್ತಿದ್ದರು. ಆಮೇಲೆ ಹೊಳೆಯಿತು. ವಿಡಿಯೊ ಜಗತ್ತಿನಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವ ಬೀಗಗಳೇ ಮೂರು. ಉಳಿದವರೆಲ್ಲ ಅದೇ ಬೀಗಗಳನ್ನು ತಂದು ಹಾಕಿಕೊಡುವ ಅಂಗಡಿಯವರು.

ಮೊದಲನೆಯದು ಗೂಗಲ್‌ನ ವೈಡ್‌ವೈನ್. ಅದು ಮೊದಲು ಬೇರೆಯೇ ಕಂಪನಿಯಾಗಿತ್ತು, 2010ರಲ್ಲಿ ಗೂಗಲ್ ಕೊಂಡುಕೊಂಡಿತು. ಆಂಡ್ರಾಯ್ಡ್ ಫೋನ್, ಕ್ರೋಮ್, ಫೈರ್‌ಫಾಕ್ಸ್ ಎಲ್ಲ ಕಡೆ ಅದೇ. ಎರಡನೆಯದು ಮೈಕ್ರೋಸಾಫ್ಟ್‌ನ ಪ್ಲೇರೆಡಿ, 2007ರಿಂದ ಇದೆ. ವಿಂಡೋಸ್, ಎಕ್ಸ್‌ಬಾಕ್ಸ್, ಹಲವು ಸ್ಮಾರ್ಟ್ ಟಿವಿಗಳಲ್ಲಿ ಕೆಲಸ ಮಾಡುತ್ತದೆ. ಮೂರನೆಯದು ಆಪಲ್‌ನ ಫೇರ್‌ಪ್ಲೇ. ಅದು 2003ರಲ್ಲಿ ಐಟ್ಯೂನ್ಸ್ ಅಂಗಡಿಯ ಹಾಡುಗಳಿಗಾಗಿ ಬಂದಿದ್ದು. 2009ರಲ್ಲಿ ಆಪಲ್ ಹಾಡುಗಳಿಂದ ಬೀಗ ತೆಗೆದುಹಾಕಿತು. ವಿಡಿಯೊಗೆ ಮಾತ್ರ ಉಳಿಸಿಕೊಂಡಿತು. ಐಫೋನ್, ಸಫಾರಿ ಬೇಕೆಂದರೆ ಇದೇ ಗತಿ.

ಈ ಮೂವರ ನಡುವೆ ನಾವು ಅಂದುಕೊಳ್ಳುವಂಥ ಪೈಪೋಟಿ ಇಲ್ಲ. ನಿಮ್ಮ ಬೀಗ ಬೇಡ, ಅವರದ್ದು ಕೊಡಿ ಎಂದು ಕೇಳುವ ಹಾಗಿಲ್ಲ. ವಿದ್ಯಾರ್ಥಿಯ ಕೈಯಲ್ಲಿ ಯಾವ ಫೋನ್ ಇದೆಯೋ ಆ ಫೋನ್ ಮಾಡಿದವರೇ ಬೀಗ ಯಾವುದು ಎಂದು ತೀರ್ಮಾನ ಮಾಡಿಬಿಟ್ಟಿರುತ್ತಾರೆ. ಬ್ರೌಸರುಗಳಲ್ಲಿ ಈ ಬೀಗಗಳಿಗೆ ದಾರಿ ಮಾಡಿಕೊಡುವ ಇಎಂಇ ಎಂಬ ವ್ಯವಸ್ಥೆಯನ್ನು, ವೆಬ್‌ನ ನಿಯಮಗಳನ್ನು ರೂಪಿಸುವ ಒಕ್ಕೂಟವಾದ ವರ್ಲ್ಡ್ ವೈಡ್ ವೆಬ್ ಕನ್ಸಾರ್ಷಿಯಂ 2017ರ ಸೆಪ್ಟೆಂಬರ್‌ನಲ್ಲಿ ಅಧಿಕೃತ ಮಾಡಿತು. ಅದನ್ನು ವಿರೋಧಿಸಿ, ಡಿಜಿಟಲ್ ಹಕ್ಕುಗಳಿಗಾಗಿ ಹೋರಾಡುವ ಎಲೆಕ್ಟ್ರಾನಿಕ್ ಫ್ರಾಂಟಿಯರ್ ಫೌಂಡೇಷನ್ ಅವತ್ತೇ ಒಕ್ಕೂಟದಿಂದ ಹೊರಬಂತು. ಬೀಗ ಕೆಲವೇ ಜನರ ಕೈಯಲ್ಲಿ ಇರುವುದು ಒಳ್ಳೆಯದಲ್ಲ ಎನ್ನುವ ಅವರ ಚಿಂತೆ ನನಗೂ ಸರಿ ಅನಿಸಿತು. ಆದರೆ ನನ್ನ ಮೇಜಿನ ಮೇಲೆ ಆ ಕೆಂಪು ಪೆನ್‌ಡ್ರೈವ್ ಇತ್ತು. ನಾನು ಏನಾದರೂ ಮಾಡಲೇಬೇಕಿತ್ತು.

ಇನ್ನು ಅಂಗಡಿಯವರು. ನಿಜವಾದ ಪೈಪೋಟಿ ಇರುವುದು ಇವರಲ್ಲಿ. ನನಗೆ ಅರ್ಥವಾದ ಹಾಗೆ ಇವರಲ್ಲಿ ಮೂರು ಥರ.

ಒಂದು, ಟಿವಿ ಕಾಲದಿಂದ ಬಂದವರು. ನೆದರ್‌ಲ್ಯಾಂಡ್ಸ್‌ನ ಇರ್ಡೆಟೊ 1969ರಿಂದ ಇದೆ. ಸ್ವಿಟ್ಜರ್‌ಲ್ಯಾಂಡ್‌ನ ಕುಡೆಲ್‌ಸ್ಕಿ ಗುಂಪಿನ ನಾಗ್ರಾ ಇದೆ. ಫ್ರಾನ್ಸ್‌ನ ವೆರಿಮ್ಯಾಟ್ರಿಕ್ಸ್ ಇದೆ. ನಾಗ್ರಾ ಎನ್ನುವುದು ಮೊದಲು 1951ರಲ್ಲಿ ಬಂದ ಟೇಪ್ ರೆಕಾರ್ಡರಿನ ಹೆಸರು, ಪೋಲಿಷ್ ಭಾಷೆಯಲ್ಲಿ 'ರೆಕಾರ್ಡ್ ಮಾಡುತ್ತದೆ' ಎಂದು ಅರ್ಥ ಎಂದು ಓದಿ ಆಶ್ಚರ್ಯವಾಯಿತು. ಸಿನಿಮಾ ಶೂಟಿಂಗ್‌ಗಳಲ್ಲಿ ಧ್ವನಿ ಹಿಡಿಯಲು ಬಹಳ ಕಾಲ ಬಳಸಿದ ಯಂತ್ರ ಅದು. ಈ ಕಂಪನಿಗಳಿಗೆ ಗಿರಾಕಿಗಳೆಂದರೆ ಕೇಬಲ್, ಡಿಶ್, ದೊಡ್ಡ ಒಟಿಟಿಗಳು. ಬೀಗದ ಜೊತೆಗೆ ಕದ್ದವರು ಯಾರು ಎಂದು ಪತ್ತೆ ಮಾಡುವ ಕೆಲಸವನ್ನೂ ಮಾರುತ್ತಾರೆ. 412 ಜನರ ಕೋರ್ಸಿಗೆ ಅದು ಹೊಂದುವುದಿಲ್ಲ. ಹಾಗಾಗಿ ಅವರಿಗೆ ನಾನು ಬರೆಯಲೇ ಇಲ್ಲ.

ಎರಡು, ಬರೀ ಲೈಸೆನ್ಸ್ ಸರ್ವರ್ ನಡೆಸುವವರು. ಮೂರೂ ಬೀಗಗಳನ್ನು ಒಂದೇ ಕಡೆ ಕೊಡುವುದರಿಂದ ಇದಕ್ಕೆ ಮಲ್ಟಿ-ಡಿಆರ್‌ಎಂ ಎನ್ನುತ್ತಾರೆ. ಅಮೆರಿಕದ ಬೈಡಿಆರ್‌ಎಂ, ಈಜಿಡಿಆರ್‌ಎಂ, ಜರ್ಮನಿಯ ಕ್ಯಾಸ್ಟ್‌ಲ್ಯಾಬ್ಸ್, ಆಕ್ಸಿನಾಮ್, ದಕ್ಷಿಣ ಕೊರಿಯಾದ ಪ್ಯಾಲಿಕಾನ್. ಕ್ಯಾಲಿಫೋರ್ನಿಯಾದ ಇಂಟರ್‌ಟ್ರಸ್ಟ್ ಕೂಡ ಎಕ್ಸ್‌ಪ್ರೆಸ್‌ಪ್ಲೇ ಎಂಬ ಹೆಸರಿನಲ್ಲಿ ಇದೇ ಕೆಲಸ ಮಾಡುತ್ತದೆ. ಈ ಇಂಟರ್‌ಟ್ರಸ್ಟ್ ಸಣ್ಣ ಹೆಸರು ಎಂದುಕೊಂಡಿದ್ದೆ. ಆದರೆ ಡಿಆರ್‌ಎಂನ ಹಳೆಯ ಪೇಟೆಂಟ್‌ಗಳು ಇವರ ಹತ್ತಿರ ಇದ್ದವು. ಅದೇ ಜಗಳದಲ್ಲಿ 2004ರಲ್ಲಿ ಮೈಕ್ರೋಸಾಫ್ಟ್ ಇವರಿಗೆ 44 ಕೋಟಿ ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತು.

ಈ ಎರಡನೇ ಥರದವರು ಬದುಕಿರುವುದಕ್ಕೆ ಒಂದು ಸರಳ ಕಾರಣ ಇದೆ. ವೈಡ್‌ವೈನ್‌ಗೆ ಗೂಗಲ್ ಲೈಸೆನ್ಸ್ ಶುಲ್ಕ ತೆಗೆದುಕೊಳ್ಳುವುದಿಲ್ಲ. ಬೀಗವೇ ಪುಕ್ಕಟೆಯಾದ ಮೇಲೆ ಇವರಿಗೆ ಯಾಕೆ ದುಡ್ಡು ಕೊಡಬೇಕು ಎಂದು ನಾನೂ ಕೇಳಿದ್ದೆ. ಆದರೆ ಒಪ್ಪಂದ ಮಾಡಿಕೊಂಡು, ಸರ್ವರ್ ಕೂರಿಸಿ, ಹಗಲೂ ರಾತ್ರಿ ನಡೆಸಬೇಕು. ರಾತ್ರಿ 11 ಗಂಟೆಗೆ ಸರ್ವರ್ ನಿಂತರೆ ನೂರಾರು ಮಕ್ಕಳ ಪಾಠ ನಿಲ್ಲುತ್ತದೆ. ಆ ಭಾರ ಹೊರಲು ಅವರು ದುಡ್ಡು ತೆಗೆದುಕೊಳ್ಳುತ್ತಾರೆ. ಇನ್ನೊಂದು ಅನುಕೂಲವೂ ಆಗಿದೆ. ಕಾಮನ್ ಎನ್‌ಕ್ರಿಪ್ಷನ್ ಎಂಬ ಪದ್ಧತಿ ಬಂದ ಮೇಲೆ ವಿಡಿಯೊಗೆ ಒಂದೇ ಸಲ ಬೀಗ ಹಾಕಿ, ಮೂರು ಕಂಪನಿಯ ಲಕೋಟೆಗಳಲ್ಲಿ ಅದೇ ಕೀಲಿ ಕಳಿಸಬಹುದು. ಹಿಂದೆ ಆಪಲ್ ಒಂದು ಥರ, ಉಳಿದವರು ಇನ್ನೊಂದು ಥರ ಎಂದು ಎರಡು ಪ್ರತಿ ಇಟ್ಟುಕೊಳ್ಳಬೇಕಾಗಿತ್ತು. ಹೊಸ ಫೋನುಗಳಲ್ಲಿ ಒಂದೇ ಪ್ರತಿ ಸಾಕು. ನನ್ನ ಮಕ್ಕಳ ಹತ್ತಿರ ಹಳೆಯ ಫೋನೇ ಜಾಸ್ತಿ. ನನಗೆ ಎರಡೂ ಬೇಕಾಯಿತು.

ಮೂರು, ವಿಡಿಯೊ ಇಡುವ ಜಾಗ, ಪ್ಲೇಯರ್, ಬೀಗ, ಎಲ್ಲ ಸೇರಿಸಿ ಕೊಡುವವರು. ನಮ್ಮ ದೇಶದ ವಿಡೊಸೈಫರ್, ಗಮ್‌ಲೆಟ್ ಈ ಸಾಲಿನವರು. ಕೋರ್ಸ್ ಆಪ್ ಮಾಡಿಕೊಡುವ ಹಲವು ಕಂಪನಿಗಳೂ ಇಲ್ಲೇ ಬರುತ್ತವೆ. ನಾನು ಏಳು ಜನರ ಹತ್ತಿರ ಮಾತಾಡಿದೆ, ಎರಡನೇ ಥರದಲ್ಲಿ ಮೂವರು, ಮೂರನೇ ಥರದಲ್ಲಿ ನಾಲ್ವರು.

ಮಾತಾಡುವಾಗ ಗೊತ್ತಾದ ದೊಡ್ಡ ವಿಷಯ, 'ಡಿಆರ್‌ಎಂ ಇದೆ' ಎಂಬ ಮಾತಿಗೆ ಎಲ್ಲರ ಬಾಯಲ್ಲೂ ಒಂದೇ ಅರ್ಥ ಇಲ್ಲ. ಒಬ್ಬರು ಹಳೆಯ ಎಇಎಸ್-128ನ್ನೇ ಡಿಆರ್‌ಎಂ ಎಂದರು. ಇನ್ನೊಬ್ಬರು ತಮ್ಮ ಆಪ್‌ನಲ್ಲಿ ಸ್ಕ್ರೀನ್‌ಶಾಟ್ ತೆಗೆದರೆ ಕಪ್ಪಗೆ ಬರುವುದನ್ನು ತೋರಿಸಿ, ಇದೇ ಡಿಆರ್‌ಎಂ ಎಂದರು. ಆಂಡ್ರಾಯ್ಡ್ ಆಪ್‌ನಲ್ಲಿ ಒಂದು ಸಾಲು ಬರೆದರೆ ಸ್ಕ್ರೀನ್‌ಶಾಟ್ ನಿಲ್ಲುತ್ತದೆ, ಅದಕ್ಕೆ ಡಿಆರ್‌ಎಂ ಬೇಕಾಗಿಯೇ ಇಲ್ಲ. ಆಮೇಲಿಂದ ಎಲ್ಲರಿಗೂ ಮೊದಲ ಪ್ರಶ್ನೆ ಒಂದೇ ಕೇಳಿದೆ: "ವೈಡ್‌ವೈನ್ ಲೈಸೆನ್ಸ್ ಬೇಡಿಕೆ ಹೋಗುವುದನ್ನು ನನಗೆ ಬ್ರೌಸರಿನಲ್ಲಿ ತೋರಿಸ್ತೀರಾ?" ಏಳರಲ್ಲಿ ಇಬ್ಬರು ಅಲ್ಲಿಗೇ ಬಿದ್ದುಹೋದರು.

ಎರಡನೇ ಪ್ರಶ್ನೆ ಪಾವಗಡದ ಹುಡುಗನದು. ನೆಟ್ ಇಲ್ಲದೆ ನೋಡಬಹುದಾ? ವೈಡ್‌ವೈನ್‌ನಲ್ಲಿ ಪರ್ಸಿಸ್ಟೆಂಟ್ ಲೈಸೆನ್ಸ್ ಎಂದು ಇದೆ. ವಿಡಿಯೊ ಡೌನ್‌ಲೋಡ್ ಆಗುವಾಗ ಲಕೋಟೆಯೂ ಬಂದು ಫೋನಿನಲ್ಲಿ ಉಳಿಯುತ್ತದೆ. ಷರತ್ತಿನ ದಿನ ಮುಗಿಯುವವರೆಗೆ ಏರೋಪ್ಲೇನ್ ಮೋಡಿನಲ್ಲೂ ಪಾಠ ಓಡುತ್ತದೆ. ಫೈಲನ್ನು ಇನ್ನೊಂದು ಫೋನಿಗೆ ಕಾಪಿ ಮಾಡಿದರೆ ಮಾತ್ರ ಅಲ್ಲಿ ಲಕೋಟೆ ಬಿಚ್ಚುವುದಿಲ್ಲ. ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಪೆನ್‌ಡ್ರೈವಿನ ಅನುಕೂಲವನ್ನು ನಾನೇ ಕೊಡಬಹುದಲ್ಲ ಎನ್ನುವ ಖುಷಿ.

ಮೂರನೆಯದು ಲೆಕ್ಕ. ಲೆಕ್ಕ ನನ್ನ ಕಸುಬು, ಇಲ್ಲಿ ಯಾರ ಸಹಾಯವೂ ಬೇಕಾಗಲಿಲ್ಲ. ಲೈಸೆನ್ಸಿಗೆ ಇಷ್ಟು ಎಂದು ದುಡ್ಡು ತೆಗೆದುಕೊಳ್ಳುವವರ ದರ ಕೇಳಲು ಬಹಳ ಕಡಿಮೆ. ಆದರೆ ಒಬ್ಬ ವಿದ್ಯಾರ್ಥಿ ಒಂದು ಪಾಠವನ್ನು ಮೂರು ಸಲ ತೆರೆದರೆ 86 ಪಾಠಕ್ಕೆ 258 ಲೈಸೆನ್ಸ್. 412 ಜನಕ್ಕೆ 1,06,296. ಅದರ ಮೇಲೆ ತಿಂಗಳಿಗೆ ಕನಿಷ್ಠ ಇಷ್ಟು ಕಟ್ಟಬೇಕು ಎಂಬ ಷರತ್ತು ಬೇರೆ, ಅದೂ ಡಾಲರಿನಲ್ಲಿ. ಎಲ್ಲ ಸೇರಿಸಿ ಕೊಡುವವರು ಸಾಗಿಸಿದ ಡೇಟಾಕ್ಕೆ ದುಡ್ಡು ಕೇಳುತ್ತಾರೆ. ನನ್ನ ಒಂದು ಪಾಠ 40 ನಿಮಿಷ, 480ಪಿ ಗುಣಮಟ್ಟದಲ್ಲಿ ಸುಮಾರು 150 ಎಂಬಿ. ಬಿಳಿ ಬೋರ್ಡು, ಒಂದು ಕೈ, ಒಂದು ಮಾರ್ಕರ್, ಅಷ್ಟೇ ಇರುವುದರಿಂದ ಸಣ್ಣ ಫೈಲಿನಲ್ಲೂ ಅಕ್ಷರ ಚೆನ್ನಾಗಿ ಕಾಣುತ್ತದೆ. ಒಬ್ಬರಿಗೆ ಒಂದು ಸಲ ಪೂರ್ತಿ ಕೋರ್ಸ್ ಎಂದರೆ 13 ಜಿಬಿ ಹತ್ತಿರ. ಮೂರು ಸಲ ನೋಡಿದರೆ 39. ಒಂದೇ ಸಲ ಡೌನ್‌ಲೋಡ್ ಮಾಡಿಕೊಂಡು ಎಷ್ಟು ಸಲ ಬೇಕಾದರೂ ನೋಡಿದರೆ ಅದೇ 13. ಆಫ್‌ಲೈನ್ ಕೊಟ್ಟರೆ ಮಕ್ಕಳಿಗೂ ಡೇಟಾ ಉಳಿಯುತ್ತದೆ, ನನಗೂ ದುಡ್ಡು ಉಳಿಯುತ್ತದೆ.

ಕೊನೆಗೆ ಮೂವರು ಉಳಿದರು. ಮೂವರ ಟ್ರಯಲ್ ಖಾತೆ ತೆಗೆದುಕೊಂಡು, ಒಂದು ಶನಿವಾರ ವಿದ್ಯಾರ್ಥಿಗಳನ್ನು ಮನೆಗೆ ಕರೆದೆ. ಊಟದ ಮೇಜಿನ ಮೇಲೆ ಆರು ಫೋನ್ ಸಾಲಾಗಿ ಇಟ್ಟೆವು. ಎರಡರ ಗಾಜು ಒಡೆದಿತ್ತು. ಒಂದಕ್ಕೆ ರಬ್ಬರ್ ಬ್ಯಾಂಡ್ ಸುತ್ತಿದ್ದರು. ತಂಗಿಯ ಮಗ ಎಲ್ಲದಕ್ಕೂ ಡಿಆರ್‌ಎಂ ಇನ್ಫೊ ಎಂಬ ಆಪ್ ಹಾಕಿದ. ಫೋನಿನಲ್ಲಿ ವೈಡ್‌ವೈನ್ ಯಾವ ಮಟ್ಟದ್ದು ಎಂದು ಅದು ತೋರಿಸುತ್ತದೆ.

ಈ ಮಟ್ಟದ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು. ಎಲ್1 ಎಂದರೆ ಬೀಗ ತೆಗೆಯುವುದು, ವಿಡಿಯೊವನ್ನು ನೋಡುವ ರೂಪಕ್ಕೆ ತರುವುದು ಎರಡೂ ಚಿಪ್ಪಿನೊಳಗಿನ ಸುರಕ್ಷಿತ ಭಾಗದಲ್ಲೇ ನಡೆಯುತ್ತದೆ. ಎಲ್3 ಎಂದರೆ ಎಲ್ಲ ಕೆಲಸವೂ ಬರೀ ಸಾಫ್ಟ್‌ವೇರ್‌ನಲ್ಲಿ. ಹಾಗಾಗಿ ಎಲ್3 ಬೀಗ ಸಡಿಲ. 2019ರಲ್ಲಿ ಸಂಶೋಧಕರೊಬ್ಬರು ಅದನ್ನು ಒಡೆದಿದ್ದಾಗಿ ಹೇಳಿದ್ದು ದೊಡ್ಡ ಸುದ್ದಿಯಾಗಿತ್ತು. ನೆಟ್‌ಫ್ಲಿಕ್ಸ್ ಕೂಡ ಎಲ್3 ಫೋನುಗಳಿಗೆ ಎಚ್‌ಡಿ ಕೊಡುವುದಿಲ್ಲ. ನಮ್ಮ ಆರರಲ್ಲಿ ನಾಲ್ಕು ಎಲ್1, ಎರಡು ಎಲ್3. ಒಂದು ಕಡಿಮೆ ಬೆಲೆಯ ಫೋನ್. ಇನ್ನೊಂದರಲ್ಲಿ ಹುಡುಗ ಬೂಟ್‌ಲೋಡರ್ ಅನ್‌ಲಾಕ್ ಮಾಡಿ (ಫೋನಿನ ಮೂಲ ಸಾಫ್ಟ್‌ವೇರಿನ ರಕ್ಷಣೆ ತೆಗೆದು) ಏನೋ ಪ್ರಯೋಗ ಮಾಡಿದ್ದ, ಅದು ಎಲ್1ನಿಂದ ಎಲ್3ಗೆ ಇಳಿದಿತ್ತು.

ಮೊದಲ ಟ್ರಯಲ್‌ನಲ್ಲಿ ಆ ಎರಡು ಫೋನುಗಳಲ್ಲಿ ಪಾಠ ಓಡಲೇ ಇಲ್ಲ. ಕಪ್ಪು ಪರದೆ, ಮೇಲೆ ಒಂದು ಎರರ್ ನಂಬರ್. ರಬ್ಬರ್ ಬ್ಯಾಂಡ್ ಹಾಕಿದ್ದ ಫೋನ್ ಮಧುಗಿರಿ ಕಡೆಯ ಹುಡುಗಿಯದು. ಅವಳ ಅಮ್ಮ ಗಾರ್ಮೆಂಟ್ಸ್‌ಗೆ ಹೋಗಿ ದುಡಿದು ಕೊಡಿಸಿದ ಫೋನ್. ಅವಳು ಪಕ್ಕದವಳ ಫೋನ್ ನೋಡಿದಳು, ತನ್ನದು ನೋಡಿದಳು, ಮೆಲ್ಲಗೆ ಚಾರ್ಜರ್ ಸುತ್ತಿಟ್ಟಳು. "ನಂದು ಹಳೇದು ಮೇಡಂ, ಪರವಾಗಿಲ್ಲ" ಎಂದಳು. ನನಗೆ ಹೊಟ್ಟೆಯಲ್ಲಿ ಸಂಕಟವಾಯಿತು. ಕಳ್ಳನನ್ನು ತಡೆಯಲು ಹೋಗಿ ದುಡ್ಡು ಕೊಟ್ಟ ಮಗುವನ್ನು ಹೊರಗೆ ನಿಲ್ಲಿಸಿದ್ದೆ.

ಆ ಕಂಪನಿಗೆ ಫೋನ್ ಮಾಡಿದೆ. ಎಲ್1 ಇಲ್ಲದವರಿಗೆ ಬಿಡಬಾರದು, ಅದೇ ಸುರಕ್ಷಿತ ಎಂದರು. ಈ ನಿಯಮ ಬದಲಿಸಲು ಆಗುತ್ತದಾ ಎಂದರೆ ಅವರ ಪ್ಯಾಕೇಜಿನಲ್ಲಿ ಆಗುವುದಿಲ್ಲವಂತೆ. ಉಳಿದ ಇಬ್ಬರಲ್ಲಿ ನಿಯಮ ನಾವೇ ಬರೆಯಬಹುದಿತ್ತು. 480ಪಿಗೆ ಒಂದು ಕೀಲಿ, 720ಪಿಗೆ ಇನ್ನೊಂದು ಕೀಲಿ. ಎಲ್3 ಫೋನ್ ಕೇಳಿದರೆ ಮೊದಲ ಕೀಲಿ ಮಾತ್ರ. ಎಲ್1ಗೆ ಎರಡೂ. ಎರಡನೇ ಟ್ರಯಲ್‌ನಲ್ಲಿ ಆ ಹುಡುಗಿಯ ಫೋನಿನಲ್ಲಿ ಪಾಠ ಓಡಿದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ಬೋರ್ಡಿನ ಮೇಲಿನ ಅಂಕಿ ಸ್ಪಷ್ಟವಾಗಿ ಕಾಣುತ್ತಿತ್ತು. ಬೀಗ ಗಟ್ಟಿ ಇದೆ ಎಂದು ಹೇಳುವವರು ಸುಮಾರು ಜನ ಸಿಗುತ್ತಾರೆ. ಬೀಗ ಎಲ್ಲಿ ಸಡಿಲ ಬಿಡಬೇಕು ಎನ್ನುವುದನ್ನು ನಮ್ಮ ಕೈಗೆ ಕೊಡುವವರು ಕಡಿಮೆ. ನನಗೆ ಬೇಕಾಗಿದ್ದು ಅದು.

ಲ್ಯಾಪ್‌ಟಾಪ್ ಇನ್ನೊಂದು ತಲೆನೋವು. ಕ್ರೋಮ್ ಬ್ರೌಸರಿನಲ್ಲಿ ವೈಡ್‌ವೈನ್ ಸಾಮಾನ್ಯವಾಗಿ ಎಲ್3. ನಮ್ಮ ಲ್ಯಾಪ್‌ಟಾಪಿನಲ್ಲಿ ಸ್ಕ್ರೀನ್ ರೆಕಾರ್ಡರ್ ಹಾಕಿದರೆ ಪಾಠ ಆರಾಮಾಗಿ ರೆಕಾರ್ಡ್ ಆಯಿತು. ಲ್ಯಾಪ್‌ಟಾಪನ್ನು ಪೂರ್ತಿ ನಿಲ್ಲಿಸಿ ಎಂದು ಒಬ್ಬರು ಸಲಹೆ ಕೊಟ್ಟರು. ಕಣ್ಣಿಗೆ ತೊಂದರೆ ಇರುವವರು, ದೊಡ್ಡ ಪರದೆ ಬೇಕಾದವರು ಇದ್ದಾರೆ. ಕೇಳಿದವರಿಗೆ ಮಾತ್ರ ಬಿಟ್ಟುಕೊಡುವುದು ಎಂದು ಇಟ್ಟುಕೊಂಡೆ.

ಐಫೋನ್ ಇದ್ದವರು 412ರಲ್ಲಿ 9 ಜನ. ಆ ಒಂಬತ್ತು ಜನಕ್ಕಾಗಿ ಫೇರ್‌ಪ್ಲೇ ಬೇಕು. ಅದಕ್ಕೆ ಮಲ್ಟಿ-ಡಿಆರ್‌ಎಂ ಕಂಪನಿಯವರು ತಮ್ಮದನ್ನು ಕೊಡುವ ಹಾಗಿಲ್ಲ. ವರ್ಷಕ್ಕೆ 99 ಡಾಲರ್ ಕೊಟ್ಟು ಆಪಲ್ ಡೆವಲಪರ್ ಆಗಿ, ಏನು ಪಾಠ, ಯಾವ ವೆಬ್‌ಸೈಟ್ ಎಂದೆಲ್ಲ ಬರೆದು ನಾವೇ ಅರ್ಜಿ ಹಾಕಬೇಕು. ಒಪ್ಪಿಗೆ ಸಿಕ್ಕಿದ ಮೇಲೆ ಸರ್ಟಿಫಿಕೇಟ್ ಮಾಡುವಾಗ ಪರದೆಯ ಮೇಲೆ ಒಂದು ಉದ್ದದ ಸಂಕೇತ ಬರುತ್ತದೆ. ಅದಕ್ಕೆ ಎಎಸ್‌ಕೆ ಎನ್ನುತ್ತಾರೆ. ಒಮ್ಮೆ ಮಾತ್ರ ತೋರಿಸುತ್ತಾರೆ, ಕಳೆದುಕೊಂಡರೆ ಮತ್ತೆ ಸಿಗುವುದಿಲ್ಲ. ನಾನು ಅದನ್ನು ಮಗಳ ಹಳೆಯ ನೋಟ್‌ಬುಕ್ಕಿನಲ್ಲಿ ಒಂದೊಂದೇ ಅಕ್ಷರ ಬರೆದುಕೊಂಡೆ. ತಂಗಿಯ ಮಗ ಜೋರಾಗಿ ಓದಿದ, ನಾನು ತಾಳೆ ನೋಡಿದೆ. ಎರಡು ಸಲ. ಆ ನೋಟ್‌ಬುಕ್ ಈಗ ಬೀರುವಿನಲ್ಲಿ, ಮನೆ ಪತ್ರದ ಜೊತೆ ಇದೆ.

ಸಹಿ ಹಾಕುವ ಮೊದಲು ಇನ್ನೊಂದು ಭಯ ಇತ್ತು. ಈ ಕಂಪನಿಗಳು ಎಷ್ಟು ದಿನ ಇರುತ್ತವೆ? 2019ರಲ್ಲಿ ಇನ್‌ಸೈಡ್ ಸೆಕ್ಯೂರ್ ಎಂಬ ಫ್ರೆಂಚ್ ಕಂಪನಿ ವೆರಿಮ್ಯಾಟ್ರಿಕ್ಸ್‌ನ್ನು ಕೊಂಡು ಅದೇ ಹೆಸರು ಇಟ್ಟುಕೊಂಡಿತು. 2021ರಲ್ಲಿ ಬ್ರಿಟನ್ನಿನ ವುವಾಲ್ಟೊ ಎಂಬ ಡಿಆರ್‌ಎಂ ಕಂಪನಿಯನ್ನು ಜೆಡಬ್ಲ್ಯು ಪ್ಲೇಯರ್ ಎಂಬ ವಿಡಿಯೊ ಕಂಪನಿ ಕೊಂಡಿತು. ಪ್ಯಾಲಿಕಾನ್ 2025ರಲ್ಲಿ ಹೆಸರು ಬದಲಿಸಿಕೊಂಡು ಡವ್‌ರನ್ನರ್ ಆಯಿತು. ದೊಡ್ಡವರಿಗೆ ಅಂಗಡಿ ಬದಲಿಸುವುದು ಈಗ ಅಷ್ಟು ಕಷ್ಟವಲ್ಲ. ಅಮೆಜಾನ್ ಮಾಡಿದ ಸ್ಪೀಕ್ ಎಂಬ ಸಾಮಾನ್ಯ ಪದ್ಧತಿಯಲ್ಲಿ ಯಾವ ಕಂಪನಿಯ ಕೀಲಿಯನ್ನಾದರೂ ಜೋಡಿಸಬಹುದು. ಎಲ್ಲ ಒಂದೇ ಕಡೆ ತೆಗೆದುಕೊಳ್ಳುವ ನನ್ನಂಥವರಿಗೆ ಆ ಸೌಲಭ್ಯ ಇಲ್ಲ. ಬೀಗ ಹಾಕದ ಮೂಲ ವಿಡಿಯೊಗಳನ್ನು ಎರಡು ಹಾರ್ಡ್ ಡಿಸ್ಕಿನಲ್ಲಿ ಇಟ್ಟೆ. ಒಂದು ನಮ್ಮ ಮನೆಯಲ್ಲಿ, ಒಂದು ಗುಬ್ಬಿಯ ತವರುಮನೆಯಲ್ಲಿ. ಕೊನೆಗೆ ಆರಿಸಿಕೊಂಡದ್ದು ಮೂರನೇ ಥರದ ಒಬ್ಬರನ್ನು. ಯಾರು ಎಂದು ಬರೆಯುವುದಿಲ್ಲ, ನಿಮ್ಮ ಮಕ್ಕಳ ಫೋನ್ ಬೇರೆ ಇದ್ದರೆ ನಿಮ್ಮ ಉತ್ತರವೂ ಬೇರೆ ಆಗುತ್ತದೆ.

ಯಾವ ಬೀಗ ಹಾಕಿದರೂ ಇನ್ನೊಂದು ಫೋನನ್ನು ಪರದೆಯ ಮುಂದೆ ಹಿಡಿದು ವಿಡಿಯೊ ತೆಗೆಯುವುದನ್ನು ತಡೆಯಲು ಆಗುವುದಿಲ್ಲ. ಅದಕ್ಕೆ ವಾಟರ್‌ಮಾರ್ಕ್. ದೊಡ್ಡ ಕಂಪನಿಗಳು ಕಣ್ಣಿಗೆ ಕಾಣದ ಗುರುತು ಹಾಕುತ್ತವೆ. ನಮ್ಮದು ಕಣ್ಣಿಗೆ ಕಾಣುವ ಗುರುತು. ನೋಡುತ್ತಿರುವವರ ಫೋನ್ ನಂಬರಿನ ಕೊನೆಯ ಅಂಕಿಗಳು ಪರದೆಯ ಮೇಲೆ ಅಲ್ಲಲ್ಲಿ ಬಂದು ಹೋಗುತ್ತವೆ. ಮೊದಲು ಬಿಳಿ ಬಣ್ಣ ಇಟ್ಟಿದ್ದೆವು, ಬಿಳಿ ಬೋರ್ಡಿನ ಮೇಲೆ ಕಾಣಲೇ ಇಲ್ಲ. ಕಪ್ಪು ಇಟ್ಟರೆ ಲೆಕ್ಕದ ಅಂಕಿಗಳ ಜೊತೆ ಬೆರೆತುಹೋಯಿತು. "ಮೇಡಂ, 47ನ್ನ 4798 ಅಂತ ಓದಿಕೊಂಡೆ" ಎಂದು ಒಬ್ಬಳು ಬರೆದಳು. ಈಗ ತಿಳಿ ಬೂದು, 20 ಸೆಕೆಂಡಿಗೆ ಒಮ್ಮೆ.

ಕಾನೂನಿನ ವಿಷಯ ಕೇಳಲು ಒಬ್ಬ ವಕೀಲರ ಹತ್ತಿರ ಹೋಗಿದ್ದೆ. ಡಿಜಿಟಲ್ ಬೀಗ ಒಡೆಯುವುದು ಅಪರಾಧ ಎಂದು 2012ರ ತಿದ್ದುಪಡಿಯಲ್ಲಿ ಕೃತಿಸ್ವಾಮ್ಯ ಕಾಯ್ದೆಗೆ 65ಎ ಕಲಂ ಸೇರಿಸಿದ್ದಾರೆ, ಎರಡು ವರ್ಷದವರೆಗೆ ಜೈಲು ಮತ್ತು ದಂಡ ಇದೆ ಎಂದರು. ಕೋಚಿಂಗ್ ಶಿಕ್ಷಕಿ ನೀತು ಸಿಂಗ್ ಅವರ ಪಾಠಗಳನ್ನು ಹಂಚಿದ್ದ ಚಾನೆಲ್‌ಗಳು ಯಾರವು ಎಂದು ತಿಳಿಸುವಂತೆ ದೆಹಲಿ ಹೈಕೋರ್ಟ್ 2022ರ ಆಗಸ್ಟ್‌ನಲ್ಲಿ ಟೆಲಿಗ್ರಾಂಗೆ ಆದೇಶ ಮಾಡಿದ್ದನ್ನೂ ಹೇಳಿದರು. ನನ್ನ ಹಾಗೇ ಒಬ್ಬ ಶಿಕ್ಷಕಿ ಕೋರ್ಟಿಗೆ ಹೋಗಿ ತಮ್ಮ ಪರವಾಗಿ ಆದೇಶ ಪಡೆದದ್ದು ಕೇಳಿ ಧೈರ್ಯ ಬಂತು. ಜೆರಾಕ್ಸ್ ಅಂಗಡಿಗೆ ನಾನೇ ಹೋದೆ. ಕೇಸು ಹಾಕಲಿಲ್ಲ. ನನ್ನ ಗುರುತಿನ ಚೀಟಿ ತೋರಿಸಿ, ಇದು ನನ್ನ ಎರಡು ವರ್ಷದ ಕೆಲಸ ಎಂದೆ. ಅವರು ನನ್ನೆದುರೇ ಕಂಪ್ಯೂಟರಿನಿಂದ ಅಳಿಸಿದರು. ಬೇರೆ ಕಡೆ ಎಷ್ಟು ಪ್ರತಿ ಇವೆಯೋ, ಅದು ನನ್ನ ಕೈಲಿಲ್ಲ.

ಒಂದು ವಿಷಯ ನಾನು ಮೊದಲೇ ಯೋಚಿಸಬೇಕಿತ್ತು. ಹೊಸ ಆಪ್ ಬಂದ ವಾರದಲ್ಲೇ ಕಣ್ಣು ಕಾಣದ ಒಬ್ಬ ವಿದ್ಯಾರ್ಥಿ ಫೋನ್ ಮಾಡಿದ. ಹಳೆಯ ಕಡೆ ನೋಟ್ಸ್ ಪಿಡಿಎಫ್ ಬಿಡಿಯಾಗಿ ಸಿಗುತ್ತಿತ್ತು, ಫೋನಿನಲ್ಲಿರುವ ಟಾಕ್‌ಬ್ಯಾಕ್ ಎಂಬ ಸೌಲಭ್ಯ ಅದನ್ನು ಓದಿ ಹೇಳುತ್ತಿತ್ತು. ಹೊಸ ಕಡೆ ನೋಟ್ಸ್ ಕೂಡ ಬೀಗದೊಳಗೆ, ಟಾಕ್‌ಬ್ಯಾಕ್ ಮೂಕ. ಅಂಗವೈಕಲ್ಯ ಇರುವವರಿಗೆ ಓದಲು ಬರುವ ರೂಪದಲ್ಲಿ ಕೊಡುವುದಕ್ಕೆ ಅದೇ 2012ರ ತಿದ್ದುಪಡಿ ಜಾಗ ಮಾಡಿದೆ. ಅಂಧರಿಗೆ ಪುಸ್ತಕ ಸಿಗಬೇಕು ಎನ್ನುವ ಮರಾಕೆಷ್ ಒಪ್ಪಂದವನ್ನು 2014ರಲ್ಲಿ ಎಲ್ಲರಿಗಿಂತ ಮೊದಲು ಅನುಮೋದಿಸಿದ ದೇಶ ನಮ್ಮದು. ಇದನ್ನೆಲ್ಲ ಗೊತ್ತುಮಾಡಿಕೊಂಡಿದ್ದು ಆಮೇಲೆ. ಅವತ್ತು ಸುಮ್ನೆ ಫೈಲನ್ನು ಬೀಗ ಇಲ್ಲದೆ ಅವನಿಗೆ ಕಳಿಸಿಬಿಟ್ಟೆ. ಈಗ ನೋಟ್ಸ್‌ಗೆ ಯಾರಿಗೂ ಬೀಗ ಇಲ್ಲ. ಟಾಕ್‌ಬ್ಯಾಕ್ ಓದಿ ಹೇಳುವಂತೆ ಪ್ಲೇಯರಿನ ಬಟನ್‌ಗಳಿಗೆ ಹೆಸರು ಹಾಕಿಕೊಡಿ ಎಂದು ಕಂಪನಿಯವರಿಗೆ ಬರೆದೆ. ಎರಡು ವಾರದಲ್ಲಿ ಹಾಕಿಕೊಟ್ಟರು.

ಪಾವಗಡದ ಹುಡುಗ ಕೋರ್ಸಿಗೆ ಸೇರಿದ. ಆ 300 ರೂಪಾಯಿಯನ್ನು ಫೀಸಿನಲ್ಲಿ ಮುರಿದುಕೊಂಡೆ. ನಮ್ಮ ಮನೆಯ ವೈಫೈನಲ್ಲಿ ಕೂತು ಒಂದು ಮಧ್ಯಾಹ್ನ 40 ಪಾಠ ಇಳಿಸಿಕೊಂಡು ಬಸ್ ಹತ್ತಿದ. ಸರಿಯಾಗಿ 31ನೇ ದಿನ ಫೋನ್ ಬಂತು. "ಮೇಡಂ, ಎಲ್ಲಾ ಪಾಠ ಲಾಕ್ ಆಗಿದೆ." ಲೈಸೆನ್ಸಿಗೆ 30 ದಿನ ಎಂದು ನಾನೇ ಇಟ್ಟಿದ್ದೆ. ಹೊಸದಾಗಿ ಪಡೆಯಲು ಅವನು ನೆಟ್ ಸಿಗುವ ಕಡೆಗೆ ಬರಬೇಕು. ಅವತ್ತು ಊರಿನ ಕೆರೆ ಏರಿಯ ಮೇಲೆ ನಿಂತು, ಎರಡು ಕಡ್ಡಿ ಸಿಗ್ನಲ್ ಹಿಡಿದು ಲೈಸೆನ್ಸ್ ಪಡೆದನಂತೆ. ವಿಡಿಯೊ ಮತ್ತೆ ಇಳಿಸಬೇಕಿಲ್ಲ, ಲಕೋಟೆ ಮಾತ್ರ ಸಾಕು, ಅದು ಪುಟ್ಟದು. ಆ ರಾತ್ರಿಯೇ ನಿಯಮ ಬದಲಿಸಿದೆ. ಈಗ ಡೌನ್‌ಲೋಡ್ ಮಾಡಿದ ಪಾಠ 120 ದಿನ ತೆರೆದಿರುತ್ತದೆ. ಮೊನ್ನೆ ಅವನು ಮತ್ತೆ ಫೋನ್ ಮಾಡಿದ್ದ, 31ನೇ ಪಾಠದ ಕೊನೆಯ ಲೆಕ್ಕದಲ್ಲಿ ಅನುಮಾನ ಇದೆ ಎಂದು.